ಲೆನ್ಸ್ ಮುಂದೆ ಯಾವ ಫಿಲ್ಟರ್ ಬೇಕು, ಯಾವುದು ಬೇಡ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ ಇದೆ. ಜೊತೆಗೆ 18-55 ಮತ್ತು 55-250 ಲೆನ್ಸ್‌ಗಳಿವೆ. ಕ್ಯಾಮೆರಾ ಕೊಳ್ಳುವಾಗ ಅಂಗಡಿಯವರು ಎರಡಕ್ಕೂ ಯುವಿ ಫಿಲ್ಟರ್ ಹಾಕಿಕೊಟ್ಟಿದ್ದರು. ಇವತ್ತಿನವರೆಗೂ ಅದನ್ನು ತೆಗೆದಿಲ್ಲ. ಈ ಮಳೆಗಾಲದಲ್ಲಿ ಜೋಗ, ಆಗುಂಬೆ ಕಡೆ ಹೋಗಿ ಜಲಪಾತ, ಕಾಡು, ಹಳ್ಳ ತೆಗೆಯಬೇಕು ಅಂತಿದೆ. ಹೊಳಪು ತೆಗೆಯುವ ಪೋಲರೈಸರ್ ತಗೊಳ್ಳಿ ಅಂತ ಒಬ್ಬರು, ಬೆಳಕು ತಗ್ಗಿಸುವ ಎನ್‌ಡಿ 1000 ಇಲ್ಲದೆ ಜಲಪಾತಕ್ಕೆ ಹೋಗಲೇಬೇಡಿ ಅಂತ ಇನ್ನೊಬ್ಬರು. ಗೆಳೆಯನೊಬ್ಬ ಮಾತ್ರ ‘ಎಲ್ಲಾ ಎಡಿಟಿಂಗಲ್ಲಿ ಆಗುತ್ತೆ, ಸುಮ್ನೆ ದುಡ್ಡು ದಂಡ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಮುಕ್ಕಾಲು ಪಾಲು ಸರಿ. ಆದರೆ ನೀವು ಹೊರಟಿರುವ ಮಳೆಗಾಲದ ಮಲೆನಾಡು ಇರುವುದು ಉಳಿದ ಕಾಲು ಪಾಲಿನಲ್ಲಿ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಫಿಲ್ಮ್ ಕಾಲದಲ್ಲಿ ಫೋಟೋಗ್ರಾಫರ್ ಬ್ಯಾಗಿನಲ್ಲಿ ಫಿಲ್ಟರ್‌ಗಳದೇ ಒಂದು ಪೌಚ್ ಇರುತ್ತಿತ್ತು. ಮನೆಯೊಳಗಿನ ಬಲ್ಬಿನ ಬೆಳಕಿಗೆ ನೀಲಿ ಗಾಜು, ಕಪ್ಪು-ಬಿಳುಪಿಗೆ ಹಳದಿ, ಕಿತ್ತಳೆ, ಕೆಂಪು ಗಾಜು. ಅಮೆರಿಕದ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್‌ನಲ್ಲಿ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯ ಚಿತ್ರ ತೆಗೆದ ಕತೆ ಫೋಟೋಗ್ರಫಿ ಕಲಿಯುವವರೆಲ್ಲ ಕೇಳಿರುತ್ತಾರೆ. ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ಆಕಾಶ ಸಪ್ಪೆಯಾಗಿ ಬರುತ್ತದೆ ಅನ್ನಿಸಿತು. ಕೈಯಲ್ಲಿ ಉಳಿದಿದ್ದ ಕೊನೆಯ ಗಾಜಿನ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಆಕಾಶ ಹೆಚ್ಚುಕಡಿಮೆ ಕಪ್ಪಾಗಿ ಬಂತು. ಬಂಡೆ ಎದ್ದು ನಿಂತಿತು. ಅವರಿಗೆ ದೊಡ್ಡ ಹೆಸರು ತಂದ ಚಿತ್ರಗಳಲ್ಲಿ ಅದೂ ಒಂದು.

ಇವತ್ತು ಅದೇ ಕೆಲಸ ನೀವು ಮನೆಯಲ್ಲಿ ಕೂತು ಮಾಡಬಹುದು. ರಾ ಫೈಲಿನಲ್ಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲಿನಲ್ಲಿ, ಬಣ್ಣ ಪೂರ್ತಿ ಇರುತ್ತದೆ. ಕಪ್ಪು-ಬಿಳುಪಿಗೆ ಬದಲಾಯಿಸುವಾಗ ನೀಲಿಯ ಸ್ಲೈಡರ್ ಕೆಳಗೆಳೆದರೆ ಆಕಾಶ ಕಪ್ಪಾಗುತ್ತದೆ. ಬಲ್ಬಿನ ಹಳದಿ ಸರಿಮಾಡಲು ವೈಟ್ ಬ್ಯಾಲೆನ್ಸ್ ಇದೆ. ಆ ಪೌಚಿನ ಬಹುಪಾಲು ಗಾಜಿಗೆ ಇವತ್ತು ಕೆಲಸವಿಲ್ಲ. ಹಾಗಾಗಿ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಚಿತ್ರ ತೆಗೆದ ಮೇಲೆ ಮಾಡಲಾಗದ ಕೆಲಸವನ್ನು ಯಾವ ಗಾಜು ಮಾಡುತ್ತದೋ ಅದಕ್ಕೆ ಮಾತ್ರ ದುಡ್ಡು ಕೊಡಿ. ಈ ಅಳತೆಗೆ ಪೋಲರೈಸರ್ ಪೂರ್ತಿ ಪಾಸು. ಎನ್‌ಡಿ ಅರ್ಧ ಪಾಸು. ಯುವಿ ಫೇಲು.

ಯುವಿಯಿಂದಲೇ ಶುರು ಮಾಡೋಣ, ಯಾಕಂದರೆ ಅದು ಈಗಾಗಲೇ ನಿಮ್ಮ ಲೆನ್ಸ್ ಮೇಲೆ ಕೂತಿದೆ. ಫಿಲ್ಮಿಗೆ ಅತಿನೇರಳೆ ಬೆಳಕು ತಾಗುತ್ತಿತ್ತು. ಬೆಟ್ಟದ ಮೇಲಿಂದ ದೂರದ ನೋಟ ತೆಗೆದರೆ ಅದರಿಂದ ಚಿತ್ರದಲ್ಲಿ ನೀಲಿ ಮಬ್ಬು ಬರುತ್ತಿತ್ತು. ಅದನ್ನು ತಡೆಯಲು ಬಂದದ್ದು ಯುವಿ ಫಿಲ್ಟರ್. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರ್ ಮುಂದೆಯೇ ಅತಿನೇರಳೆ, ಅತಿಗೆಂಪು ಎರಡನ್ನೂ ತಡೆಯುವ ಪದರ ಇರುತ್ತದೆ. ಸಾಲದ್ದಕ್ಕೆ ಲೆನ್ಸಿನ ಗಾಜೂ ಒಂದಷ್ಟು ತಡೆಯುತ್ತದೆ. ಅಂದರೆ ನಿಮ್ಮ ಯುವಿ ಫಿಲ್ಟರ್ ಹೆಸರಿಗೆ ಮಾತ್ರ ಯುವಿ. ನಿಜದಲ್ಲಿ ಅದೊಂದು ಸಾದಾ ಗಾಜು.

‘ಇರಲಿ ಬಿಡಿ, ಲೆನ್ಸಿಗೆ ರಕ್ಷಣೆ ಅಲ್ವಾ?’ ಅಂತ ಅಂಗಡಿಯವರು ಹೇಳಿರುತ್ತಾರೆ. ಸ್ವಲ್ಪ ನಿಜ. ಕರಾವಳಿಯಲ್ಲಿ ಉಪ್ಪುನೀರಿನ ಹನಿ ಹಾರುವ ಕಡೆ, ಕಂಬಳದ ಕರೆಯಲ್ಲಿ ಕೋಣಗಳು ಮೈಮೇಲೆ ಬಂದಂತೆ ಕೆಸರುನೀರು ಎರಚುವಾಗ, ಧೂಳೇಳುವ ರ‍್ಯಾಲಿಯಲ್ಲಿ ನಾನೂ ಸಾದಾ ಗಾಜು ಹಾಕುತ್ತೇನೆ. ಪದೇಪದೇ ಒರೆಸಬೇಕಾದ ಜಾಗದಲ್ಲಿ ಲೆನ್ಸನ್ನೇ ಒರೆಸುವುದಕ್ಕಿಂತ ಅದು ವಾಸಿ. ಕ್ಯಾನನ್‌ನ ಕೆಲವು ದುಬಾರಿ ಎಲ್ ಲೆನ್ಸ್‌ಗಳಿಗೆ ಮುಂದೊಂದು ಫಿಲ್ಟರ್ ಇದ್ದರೇನೇ ನೀರು-ಧೂಳಿನ ತಡೆ ಪೂರ್ತಿಯಾಗುವುದು ಅಂತ ಕಂಪನಿಯೇ ಹೇಳುತ್ತದೆ. ನಿಮ್ಮ ಲೆನ್ಸ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಕೆಳಗೆ ಬಿದ್ದರೆ ಏನು ಅಂತೀರಾ? ಅಡ್ಡಬೆಳಕು ತಡೆಯುವ ಲೆನ್ಸ್ ಹುಡ್ ಹಾಕಿ. ತೆಳು ಗಾಜಿಗಿಂತ ಹುಡ್ ಪೆಟ್ಟು ತಡೆಯುವುದು ಜಾಸ್ತಿ. ಮೇಲಾಗಿ ಅದರಿಂದ ಚಿತ್ರವೂ ಸುಧಾರಿಸುತ್ತದೆ.

ಯುವಿಯಿಂದ ಆಗುವ ಕೆಡುಕು ನೋಡಬೇಕಾದರೆ ದಸರಾ ಹೊತ್ತಿನಲ್ಲಿ ಮೈಸೂರು ಅರಮನೆ ಮುಂದೆ ನಿಲ್ಲಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಉರಿಯುತ್ತಿರುತ್ತವೆ, ಹಿಂದೆ ಕಪ್ಪು ಆಕಾಶ. ಅಗ್ಗದ ಯುವಿ ಹಾಕಿಕೊಂಡು ಒಂದು ಚಿತ್ರ ತೆಗೆದು, ಪರದೆಯಲ್ಲಿ ಆಕಾಶದ ಭಾಗವನ್ನು ದೊಡ್ಡದು ಮಾಡಿ ನೋಡಿ. ಅರಮನೆಯ ದೀಪದ ಸಾಲು ಮಂಕು ಹಸಿರಾಗಿ, ತಲೆಕೆಳಗಾಗಿ ಆಕಾಶದಲ್ಲಿ ತೇಲುತ್ತಿರುತ್ತದೆ. ಬೆಳಕು ಸೆನ್ಸರಿಗೆ ಬಡಿದು ವಾಪಸು ಬಂದು, ಫಿಲ್ಟರಿನ ಹಿಂಬದಿಗೆ ತಾಗಿ ಮತ್ತೆ ಒಳಗೆ ಹೋಗಿರುತ್ತದೆ. ಫಿಲ್ಟರ್ ಬಿಚ್ಚಿ ಅದೇ ಚಿತ್ರ ಇನ್ನೊಮ್ಮೆ ತೆಗೆಯಿರಿ. ಆ ಭೂತದೀಪಗಳು ಮಾಯ. ಪ್ರತಿಫಲನ ತಡೆಯುವ ಲೇಪನವಿಲ್ಲದ ಗಾಜು ಒಂದೊಂದು ಬದಿಯಲ್ಲೂ ಸುಮಾರು ಶೇ. 4ರಷ್ಟು ಬೆಳಕನ್ನು ತಿರುಗಿಸಿ ಕಳಿಸುತ್ತದೆ. ಒಳ್ಳೆಯ ಮಲ್ಟಿಕೋಟೆಡ್ (ಹಲವು ಪದರ ಲೇಪನದ) ಗಾಜಿನಲ್ಲಿ ಇದು ಶೇ. 1ಕ್ಕಿಂತ ಕಡಿಮೆ.

ನಿಮ್ಮದು ಯಾವ ಜಾತಿಯದು ಅಂತ ತಿಳಿಯಲು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓರೆಯಾಗಿ ನೋಡಿ. ಗಾಜಿನಲ್ಲಿ ಟ್ಯೂಬ್‌ಲೈಟ್ ಬೆಳ್ಳಗೆ, ಕಣ್ಣಿಗೆ ಹೊಡೆಯುವಂತೆ ಕಂಡರೆ ಲೇಪನವಿಲ್ಲ. ಮಬ್ಬು ಹಸಿರೋ ನೇರಳೆಯೋ ಆಗಿ ಕಂಡರೆ ಲೇಪನವಿದೆ. ಕ್ಯಾಮೆರಾ ಜೊತೆ ‘ಫ್ರೀ’ ಬಂದದ್ದು ಸಾಮಾನ್ಯವಾಗಿ ಮೊದಲನೇ ಜಾತಿ. ಹಾಗಾಗಿ ಇವತ್ತೇ ಎರಡನ್ನೂ ಬಿಚ್ಚಿ ಡಬ್ಬಿಗೆ ಹಾಕಿ. ಗೋಕರ್ಣಕ್ಕೆ ಹೋಗುವ ದಿನ ಬೇಕಾಗುತ್ತದೆ.

ಈಗ ಪೋಲರೈಸರ್. ಅಂಗಡಿಯಲ್ಲಿ ಇದಕ್ಕೆ ಸಿಪಿಎಲ್ ಅಂತಾರೆ. ಎರಡು ಬಳೆ ಇರುತ್ತವೆ. ಒಂದು ಲೆನ್ಸಿಗೆ ಕೂರುತ್ತದೆ, ಇನ್ನೊಂದು ಅದರ ಮೇಲೆ ತಿರುಗುತ್ತದೆ. ಬೆಳಕು ಅಲೆಯಲ್ಲವೇ, ಅದು ಎಲ್ಲ ದಿಕ್ಕಿಗೂ ಅಲುಗುತ್ತಾ ಬರುತ್ತದೆ. ನೀರು, ಎಲೆ, ಗಾಜು, ಒದ್ದೆ ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಹೊಳಪಾಗಿ ಹಿಂತಿರುಗಿದಾಗ ಮಾತ್ರ ಅದರಲ್ಲಿ ಬಹುಪಾಲು ಒಂದೇ ದಿಕ್ಕಿಗೆ ಅಲುಗುತ್ತಿರುತ್ತದೆ. ಫಿಲ್ಟರ್ ತಿರುಗಿಸಿ ಆ ದಿಕ್ಕನ್ನು ಮುಚ್ಚಿದರೆ ಹೊಳಪು ಹೋಗಿ ಅಡಿಯಲ್ಲಿದ್ದದ್ದು ಕಾಣುತ್ತದೆ. ಎಡಿಟಿಂಗಿನಲ್ಲಿ ಇದು ಸಾಧ್ಯವೇ ಇಲ್ಲ. ಬಿಳಿ ಹೊಳಪು ಮುಚ್ಚಿದ ಜಾಗದಲ್ಲಿ ಎಲೆಯ ಹಸಿರು ಫೈಲಿಗೆ ಬಂದೇ ಇರುವುದಿಲ್ಲ. ಇಲ್ಲದ ಬಣ್ಣವನ್ನು ಸ್ಲೈಡರ್ ಎಲ್ಲಿಂದ ತರುತ್ತದೆ? ಸ್ಯಾಚುರೇಶನ್ ಏರಿಸಿದರೆ ಆಚೀಚೆಯ ಹಸಿರು ಗಾಢವಾಗುತ್ತದೆ, ಹೊಳಪು ಅಲ್ಲೇ ಇರುತ್ತದೆ.

ಪೋಲರೈಸರ್ ಅಂದರೆ ನೀಲಿ ಆಕಾಶಕ್ಕೆ, ಬಿಸಿಲಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದರ ನಿಜವಾದ ಕಾಲ ನಮ್ಮ ಮಳೆಗಾಲ. ಆಗುಂಬೆ ಘಾಟಿಯ ಯಾವುದಾದರೂ ತೊರೆಯ ಪಕ್ಕ ನಿಂತು ಪ್ರಯೋಗ ಮಾಡಿ. ಮೋಡದ ಬೆಳಕು ಮೇಲಿಂದ ಬೀಳುತ್ತಿರುತ್ತದೆ. ಪ್ರತಿ ಎಲೆಯ ಬೆನ್ನಿನ ಮೇಲೂ ಬೂದು-ಬಿಳಿ ಪೊರೆ. ವ್ಯೂಫೈಂಡರಿನಲ್ಲಿ ನೋಡುತ್ತಾ ಬಳೆಯನ್ನು ಮೆಲ್ಲಗೆ ತಿರುಗಿಸಿ. ಮೊದಲು ಹತ್ತಿರದ ಕಲ್ಲಿನ ಬಿಳಿ ಹೊಳಪು ಕರಗಿ, ಕಲ್ಲು ಕಪ್ಪಾಗಿ, ಅದರ ಮೇಲಿನ ಪಾಚಿಯ ಹಸಿರು ಮೇಲೆ ಬರುತ್ತದೆ. ಆಮೇಲೆ ನೀರಿನಡಿಯ ಬೆಣಚುಕಲ್ಲು, ಕೊಳೆತ ಎಲೆ ಒಂದೊಂದಾಗಿ ಕಾಣುತ್ತವೆ. ಇನ್ನೂ ತಿರುಗಿಸಿದರೆ ಎಲ್ಲ ವಾಪಸು. ನೀರಿಗೆ ಈ ಪರಿಣಾಮ ಅತಿ ಜೋರಾಗಿರುವುದು ಮೇಲ್ಮೈಯನ್ನು ಸುಮಾರು 37 ಡಿಗ್ರಿ ಓರೆಯಿಂದ ನೋಡಿದಾಗ. ನೇರ ಮೇಲಿಂದ ಬಗ್ಗಿ ನೋಡಿದರೆ ಏನೂ ಆಗುವುದಿಲ್ಲ. ಕಾರಿನ ಗಾಜಿನೊಳಗೆ ಕೂತವರನ್ನು ಎದುರಿನಿಂದ ತೆಗೆಯುವಾಗಲೂ ಓರೆ ಸಿಕ್ಕಿದರೆ ಮಾತ್ರ ಕೆಲಸ.

ಇಲ್ಲೊಂದು ಎಚ್ಚರ. ಪೂರ್ತಿ ತಿರುಗಿಸಿ ಎಲ್ಲ ಹೊಳಪನ್ನೂ ತೆಗೆಯುವ ಚಟ ಬೇಗ ಹತ್ತುತ್ತದೆ. ಹೊಳಪೇ ಇಲ್ಲದ ನೀರು ನೀರಿನ ಹಾಗೆ ಕಾಣುವುದಿಲ್ಲ, ಕಂದು ಗುಂಡಿ ಅನ್ನಿಸುತ್ತದೆ. ನಾನು ಪೂರ್ತಿ ತಿರುಗಿಸಿ, ಆಮೇಲೆ ಸ್ವಲ್ಪ ಹಿಂದಕ್ಕೆ ಬರುತ್ತೇನೆ. ಎಲೆಯ ಪೊರೆ ಹೋಗಿರಬೇಕು, ನೀರಿನ ಮೇಲೆ ಒಂದೆರಡು ಬೆಳಕಿನ ಗೆರೆ ಉಳಿದಿರಬೇಕು. ಬೇಲೂರು, ಹಳೇಬೀಡಿನ ನುಣುಪು ಕಂಬಗಳಿಗೂ ಇದೇ ಮಾತು. ಅಲ್ಲಿ ಹೊಳಪೇ ಚೆಂದ, ಅದನ್ನು ತೆಗೆದು ಏನು ಮಾಡುತ್ತೀರಿ? ಒಡವೆ, ಹಿತ್ತಾಳೆ, ಪಂಚಲೋಹದ ಮೂರ್ತಿಗೆ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ಲೋಹದ ಹೊಳಪು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಬಿಸಿಲಿನ ದಿನ ಆಕಾಶ ಗಾಢ ನೀಲಿಯಾಗಬೇಕಾದರೆ ಸೂರ್ಯ ನಿಮ್ಮ ಭುಜದ ಕಡೆ ಇರಬೇಕು. ಸೂರ್ಯನಿಂದ 90 ಡಿಗ್ರಿ ಆಚೆ ಇರುವ ಆಕಾಶದಲ್ಲಿ ಪರಿಣಾಮ ಹೆಚ್ಚು. ಸೂರ್ಯ ಎದುರಿಗೋ ಬೆನ್ನಿಗೋ ಇದ್ದರೆ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ಲೆನ್ಸಿನ 18 ಮಿ.ಮೀ. ತುದಿಯಲ್ಲಿ ಅಗಲವಾಗಿ ತೆಗೆದರೆ ಆಕಾಶದ ಒಂದು ಮೂಲೆ ಕಡುನೀಲಿ, ಇನ್ನೊಂದು ಮೂಲೆ ಬಿಳಿಚಿಕೊಂಡು ಪಟ್ಟೆಪಟ್ಟೆಯಾಗಿ ಬರಬಹುದು. ಹಾಗಾದರೆ ಸ್ವಲ್ಪ ಜೂಮ್ ಮಾಡಿ. ಜೋಗದಲ್ಲಿ ಕಾಮನಬಿಲ್ಲು ಸಿಕ್ಕರೆ ಮರೆಯದೆ ಬಳೆ ತಿರುಗಿಸಿ ನೋಡಿ. ಕಾಮನಬಿಲ್ಲಿನ ಬೆಳಕೂ ಒಂದೇ ದಿಕ್ಕಿನದು. ಒಂದು ಕಡೆ ತಿರುಗಿಸಿದರೆ ಎದ್ದು ಕಾಣುತ್ತದೆ, ಇನ್ನೊಂದು ಕಡೆ ಕಣ್ಣೆದುರೇ ಅಳಿಸಿಹೋಗುತ್ತದೆ. ದಟ್ಟ ಮಂಜು ಕವಿದರೆ ಮಾತ್ರ ಪೋಲರೈಸರ್ ಏನೂ ಮಾಡಲಾರದು. ಟೀ ಕುಡಿಯುತ್ತಾ ಕಾಯಬೇಕು ಅಷ್ಟೆ.

ಆಗುಂಬೆಯ ಸೂರ್ಯಾಸ್ತಕ್ಕೆ ಯಾವ ಫಿಲ್ಟರ್ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯಾವುದೂ ಬೇಡ. ಸೂರ್ಯ ಫ್ರೇಮಿನೊಳಗೆ ಇದ್ದಾಗ ಮುಂದಿರುವ ಪ್ರತಿ ಗಾಜೂ ಚಿತ್ರದೊಳಗೆ ಕಲೆ ಹಾಕುತ್ತದೆ. ಮೇಲರ್ಧ ಕಪ್ಪು, ಕೆಳಗರ್ಧ ಖಾಲಿ ಇರುವ ಗ್ರಾಜುಯೇಟೆಡ್ ಎನ್‌ಡಿ ಇಂಥ ಕಡೆಗೆ ಅಂತಲೇ ಬಂದದ್ದು. ಈಗ ಒಂದೇ ಜಾಗದಿಂದ ಎರಡು ಮೂರು ಎಕ್ಸ್‌ಪೋಶರ್ ತೆಗೆದು ಜೋಡಿಸಬಹುದು. ನಮ್ಮ ಘಟ್ಟದ ಸಾಲಿನಲ್ಲಿ ಬೆಟ್ಟದ ಅಂಚು ನೇರ ಗೆರೆಯಾಗಿರುವುದಿಲ್ಲ. ಗ್ರಾಜುಯೇಟೆಡ್ ಹಾಕಿದರೆ ಬೆಟ್ಟದ ತುದಿಗಳೂ ಆಕಾಶದ ಜೊತೆ ಕಪ್ಪಾಗುತ್ತವೆ.

ಪೋಲರೈಸರ್ ಕೊಳ್ಳುವಾಗ ಅಸಲಿಯೋ ಅಲ್ಲವೋ ನೋಡಲು ಸುಲಭ ದಾರಿ ಇದೆ. ಅಂಗಡಿಯ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ಮುಂದೆ, ಫಿಲ್ಟರಿನ ಹೊರಮುಖ ಪರದೆಯ ಕಡೆಗಿರುವಂತೆ ಹಿಡಿದು ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಎಷ್ಟು ಕಪ್ಪೋ ಅಷ್ಟು ಒಳ್ಳೆಯದು. ಈಗ ಫಿಲ್ಟರ್ ಮಗುಚಿ, ಸ್ಕ್ರೂ ಇರುವ ಬದಿ ಪರದೆ ಕಡೆಗಿರಲಿ. ಎಷ್ಟೇ ತಿರುಗಿಸಿದರೂ ಬಣ್ಣ ಸ್ವಲ್ಪ ಬದಲಾದೀತು, ಕಪ್ಪಾಗುವುದಿಲ್ಲ. ಹಾಗಾದರೆ ಅದು ನಿಜವಾದ ಸರ್ಕ್ಯುಲರ್ ಪೋಲರೈಸರ್. ಡಿಎಸ್‌ಎಲ್‌ಆರ್‌ನ ಒಳಗಿನ ಕನ್ನಡಿ ಬೆಳಕನ್ನು ಫೋಕಸ್ ಮತ್ತು ಮೀಟರಿಗೆ ಹಂಚುತ್ತದೆ. ಹಳೆಯ ಲೀನಿಯರ್ ಜಾತಿಯದು ಅದರ ದಾರಿ ತಪ್ಪಿಸುತ್ತದೆ. ಅದಕ್ಕೇ ನಿಮಗೆ ಸರ್ಕ್ಯುಲರ್ ಬೇಕು.

ಇನ್ನು ಸೈಜು. ಲೆನ್ಸಿನ ಮುಂದೆ ಅಡ್ಡಗೆರೆ ಎಳೆದ ಸೊನ್ನೆಯ ಪಕ್ಕ ಒಂದು ಸಂಖ್ಯೆ ಇದೆ, ನೋಡಿ. ನಿಮ್ಮ ಎರಡೂ ಲೆನ್ಸ್ ಕ್ಯಾನನ್‌ನವೇ ಆಗಿದ್ದರೆ ಎರಡಕ್ಕೂ 58 ಮಿ.ಮೀ. ಅಲ್ಲಿಗೆ ಒಂದೇ ಫಿಲ್ಟರ್ ಸಾಕು. ಮುಂದೆ 10-18 ವೈಡ್ ಲೆನ್ಸ್ ಕೊಳ್ಳುವ ಮನಸ್ಸಿದ್ದರೆ ಅದಕ್ಕೆ ಬೇಕಿರುವುದು 67. ಹಾಗಿದ್ದರೆ ಈಗಲೇ 67ರದ್ದು ಕೊಂಡು, 58-67 ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ. ಅದು ಬರೀ ಒಂದು ಲೋಹದ ಬಳೆ, ಬೆಲೆ ಏನೂ ಇಲ್ಲ. ಒಂದು ತೊಂದರೆ, ಆಗ ಲೆನ್ಸಿನ ಸ್ವಂತ ಹುಡ್ ಕೂರುವುದಿಲ್ಲ. ಯುವಿ ಮೇಲೆ ಪೋಲರೈಸರ್, ಅದರ ಮೇಲೆ ಎನ್‌ಡಿ ಅಂತ ಗೋಪುರ ಮಾತ್ರ ಕಟ್ಟಬೇಡಿ. 18ರಲ್ಲಿ ನಾಲ್ಕು ಮೂಲೆಯೂ ಕಪ್ಪಾಗುತ್ತದೆ.

ಬಳೆಯನ್ನು ಯಾವಾಗಲೂ ಬಿಗಿಯಾಗುವ ದಿಕ್ಕಿಗೇ ತಿರುಗಿಸಿ. ಕ್ಯಾಮೆರಾ ಹಿಂದೆ ನಿಂತವರಿಗೆ ಬಳೆಯ ಮೇಲ್ತುದಿ ಎಡಕ್ಕೆ ಹೋಗಬೇಕು. ಉಲ್ಟಾ ತಿರುಗಿಸುತ್ತಾ ಹೋದರೆ ಇಡೀ ಫಿಲ್ಟರ್ ಸಡಿಲವಾಗಿ ಕಣಿವೆ ಪಾಲಾಗುತ್ತದೆ. ಜೋಗದ ಕಟಕಟೆ ಹತ್ತಿರ ಇದು ಬರೀ ಮಾತಲ್ಲ. ನಿಮ್ಮ 18-55 ಹಳೆಯ ಮಾದರಿಯಾಗಿದ್ದರೆ ಫೋಕಸ್ ಆಗುವಾಗ ಮುಂದಿನ ಗಾಜೇ ತಿರುಗುತ್ತದೆ. ಅಂಥದ್ದರಲ್ಲಿ ಮೊದಲು ಫೋಕಸ್, ಆಮೇಲೆ ಪೋಲರೈಸರ್. ಎಸ್‌ಟಿಎಂ ಅಂತ ಬರೆದಿದ್ದರೆ ಈ ಕಾಟ ಇಲ್ಲ.

ಎನ್‌ಡಿ ವಿಷಯಕ್ಕೆ ಬರೋಣ. ಅದು ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸ್. ಬಣ್ಣ ಬದಲಿಸದೆ ಬೆಳಕು ಕಡಿಮೆ ಮಾಡುತ್ತದೆ, ಅದರಿಂದ ಶಟರ್ ಹೆಚ್ಚು ಹೊತ್ತು ತೆರೆದಿಡಬಹುದು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ. ಎನ್‌ಡಿ 8 ಅಂದರೆ 3 ಸ್ಟಾಪ್, 64 ಅಂದರೆ 6 ಸ್ಟಾಪ್, 1000 ಅಂದರೆ 10 ಸ್ಟಾಪ್. ಲೆಕ್ಕ ಸುಲಭ, ಫಿಲ್ಟರ್ ಇಲ್ಲದಾಗಿನ ಶಟರ್ ವೇಗವನ್ನು ಆ ಸಂಖ್ಯೆಯಿಂದ ಗುಣಿಸಿ.

ಆದರೆ ನಿಮಗೆ ಅದು ಬೇಕಾ ಅಂತ ಮೊದಲು ನೋಡೋಣ. ಮಳೆಗಾಲದ ಕಾಡಿನೊಳಗೆ, ಮರದ ನೆರಳಲ್ಲಿ, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಎಫ್ (ಲೆನ್ಸಿನೊಳಗಿನ ಕಿಂಡಿಯ ಅಳತೆ) 11 ಇಟ್ಟರೆ ಶಟರ್ ಸುಮಾರು 1/4 ಸೆಕೆಂಡಿಗೆ ಬರುತ್ತದೆ. ಪೋಲರೈಸರ್ ತಾನೇ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ 1 ಸೆಕೆಂಡ್. ತೊರೆಗೆ, ಸಣ್ಣ ಜಲಪಾತಕ್ಕೆ ಅಷ್ಟು ಧಾರಾಳ ಸಾಕು. ನೀರಿನ ಎಳೆಗಳು ರೇಷ್ಮೆಯಾಗಿಯೂ ಬಿಡಿಬಿಡಿಯಾಗಿಯೂ ಬರುವುದು 1/4ರಿಂದ 1 ಸೆಕೆಂಡಿನೊಳಗೆ. ಎನ್‌ಡಿ ಬೇಕೇ ಆಗಲಿಲ್ಲ, ನೋಡಿ.

ಜೋಗದ ಲೆಕ್ಕ ಬೇರೆ. ಬಯಲು ಜಾಗ, ಮೋಡವಿದ್ದರೂ ಬೆಳಕು ಜಾಸ್ತಿ. ಎಫ್ 11ರಲ್ಲಿ 1/60 ಬಂತು ಅನ್ನಿ. ಪೋಲರೈಸರಿಗೆ 1/15 ಆಗುತ್ತದೆ, ಅದು ಸಾಲದು. ಪೋಲರೈಸರ್ ತೆಗೆದು ಎನ್‌ಡಿ 64 ಹಾಕಿದರೆ 1 ಸೆಕೆಂಡ್. ಸರಿಯಾಯಿತು. ಎನ್‌ಡಿ 1000 ಹಾಕಿದರೆ? ಹದಿನೇಳು ಸೆಕೆಂಡ್. ಇಲ್ಲಿ ನನಗೆ ತಕರಾರು ಇದೆ. 253 ಮೀಟರ್ ಮೇಲಿಂದ ಬೀಳುವ ನಾಲ್ಕು ಧಾರೆಗೆ ನಾಲ್ಕು ಸ್ವಭಾವ. ರಾಜ ನೇರ ಕಂಬದ ಹಾಗೆ ಇಳಿಯುತ್ತಾನೆ. ರೋರರ್ ಕಲ್ಲಿಗೆ ಅಪ್ಪಳಿಸಿ ಗುಡುಗುತ್ತಾನೆ. ರಾಕೆಟ್ ಚಿಮ್ಮಿಚಿಮ್ಮಿ ಬೀಳುತ್ತದೆ. ರಾಣಿ ನೊರೆನೊರೆಯಾಗಿ ಬಳುಕುತ್ತಾಳೆ. ಹದಿನೇಳು ಸೆಕೆಂಡಿನಲ್ಲಿ ರಾಕೆಟ್‌ನ ಚಿಮ್ಮುವಿಕೆ ಎಲ್ಲಿ ಉಳಿಯುತ್ತದೆ? ನಾಲ್ಕೂ ಒಂದೇ ತರದ ಬಿಳಿ ಪಟ್ಟಿಯಾಗುತ್ತವೆ. ನೀರು ಹದವಾಗಿದ್ದಾಗ 1/2 ಸೆಕೆಂಡಿನ ಒಂದು, 1/1000ರ ಒಂದು ಚಿತ್ರ ತೆಗೆದು ಹೋಲಿಸಿ. ಲಿಂಗನಮಕ್ಕಿ ತುಂಬಿ ಗೇಟು ತೆರೆದ ದಿನವಾದರೆ ಫಿಲ್ಟರಿನ ಮಾತೇ ಬೇಡ. ಆ ರಭಸಕ್ಕೆ ವೇಗದ ಶಟರೇ ಸರಿ. ಎನ್‌ಡಿ 1000 ಇರುವುದು ಸಮುದ್ರಕ್ಕೆ, ಓಡುವ ಮೋಡಕ್ಕೆ.

ಎನ್‌ಡಿ ಅರ್ಧ ಪಾಸು ಅಂದೆನಲ್ಲ, ಯಾಕೆ ಗೊತ್ತಾ? ಟ್ರೈಪಾಡ್ ಮೇಲೆ ಕ್ಯಾಮೆರಾ ಅಲುಗದಂತೆ ಇಟ್ಟು 1/15ರ ಹದಿನಾರು ಚಿತ್ರ ಒಂದರ ಹಿಂದೊಂದು ತೆಗೆದು, ಎಡಿಟಿಂಗಿನಲ್ಲಿ ಅವುಗಳ ಸರಾಸರಿ ಮಾಡಿದರೆ 1 ಸೆಕೆಂಡಿನ ಚಿತ್ರಕ್ಕೆ ತುಂಬಾ ಹತ್ತಿರ ಬರುತ್ತದೆ. ಗ್ರೇನೂ ಕಡಿಮೆ. ಆದರೆ ಗಾಳಿಗೆ ಎಲೆ ಅಲುಗುತ್ತದೆ, ಫೈಲುಗಳ ರಾಶಿ ಬೀಳುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಮುಗಿಯುವ ಸುಖ ಬೇರೆ. ವಿಡಿಯೋ ತೆಗೆಯುವವರಿಗಂತೂ ಎನ್‌ಡಿ ಬೇಕೇಬೇಕು. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50 ಇರಬೇಕು ಅನ್ನುವುದು ವಾಡಿಕೆ. ಮಟಮಟ ಮಧ್ಯಾಹ್ನ ಗಾಜಿಲ್ಲದೆ ಅದು ಆಗದ ಮಾತು. ಅವರು ತಿರುಗಿಸಿ ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಬಳಸುತ್ತಾರೆ. ಅದರೊಳಗೆ ಇರುವುದು ಎರಡು ಪೋಲರೈಸರ್. ವೈಡ್ ಲೆನ್ಸಿನಲ್ಲಿ ಜಾಸ್ತಿ ತಿರುಗಿಸಿದರೆ ಚಿತ್ರದ ಮೇಲೆ ದೊಡ್ಡ ಗುಣಾಕಾರ ಚಿಹ್ನೆ ಮೂಡುತ್ತದೆ.

ಎನ್‌ಡಿ ಕೊಂಡರೆ ಕ್ರಮ ಇಷ್ಟು. ಟ್ರೈಪಾಡ್ ಮೇಲಿಟ್ಟು ಫ್ರೇಮ್ ಮಾಡಿ, ಫೋಕಸ್ ಮಾಡಿ, ಆಟೋಫೋಕಸ್ ಆಫ್ ಮಾಡಿ, ಲೆನ್ಸಿನ ಸ್ಟೆಬಿಲೈಸರೂ ಆಫ್. ಆಮೇಲೆ ಗಾಜು ಹಾಕಿ. ಕಪ್ಪು ಗಾಜು ಹಾಕಿದ ಮೇಲೆ ಫೋಕಸ್ ಹುಡುಕುವುದು ಕಷ್ಟ. 2 ಸೆಕೆಂಡ್ ಟೈಮರ್ ಇಡಿ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಡುವ ಕಿಂಡಿಯಿಂದಲೂ ಬೆಳಕು ಒಳಗೆ ಬರುತ್ತದೆ, ಅದನ್ನು ಮುಚ್ಚಿ. ಅಗ್ಗದ ಎನ್‌ಡಿ ಚಿತ್ರಕ್ಕೆ ನೇರಳೆಯೋ ಕಂದೋ ಬಣ್ಣ ಬಳಿಯುತ್ತದೆ. ರಾ ತೆಗೆದಿದ್ದರೆ ಬಹುಮಟ್ಟಿಗೆ ಸರಿಮಾಡಬಹುದು.

ಒಂದು ಗಂಭೀರ ಮಾತು. ಎನ್‌ಡಿ 1000 ಹಾಕಿಕೊಂಡು ಸೂರ್ಯಗ್ರಹಣ ತೆಗೆಯಲು ಹೋಗಬೇಡಿ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರು, ಕೊಡಗಿನಲ್ಲಿ ಕಂಡಂಥದ್ದು ಮತ್ತೆ ಬಂದಾಗ ಈ ಯೋಚನೆ ಬರಬಹುದು. ಎನ್‌ಡಿ 1000 ಬೆಳಕನ್ನು ಸಾವಿರದ ಒಂದು ಪಾಲಿಗೆ ಇಳಿಸುತ್ತದೆ. ಸೂರ್ಯನಿಗೆ ಬೇಕಿರುವ ಸೋಲಾರ್ ಫಿಲ್ಟರ್ ಲಕ್ಷದ ಒಂದು ಪಾಲಿಗೆ ಇಳಿಸುತ್ತದೆ. ಡಿಎಸ್‌ಎಲ್‌ಆರ್ ಕಿಂಡಿಯಲ್ಲಿ ಕಣ್ಣಿಟ್ಟರೆ ಕಣ್ಣೇ ಹೋಗಬಹುದು.

ಮದುವೆ ಫೋಟೋದವರು ಹಾಕುವ ಮಿಸ್ಟ್ ಫಿಲ್ಟರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ದೀಪದ ಸುತ್ತ ಪ್ರಭೆ ಬರುತ್ತದೆ, ಮುಖ ಮೃದುವಾಗುತ್ತದೆ. ಬೇಡ ಅನ್ನಿಸಿದರೆ ಆಮೇಲೆ ತೆಗೆಯಲಾಗದು. ಮಂಜು ತುಂಬಿದ ಮಲೆನಾಡಿಗೆ ಅದನ್ನು ಹೊತ್ತೊಯ್ಯುವ ಅಗತ್ಯ ನನಗಂತೂ ಕಂಡಿಲ್ಲ.

ಹಾಗಾಗಿ ಈ ಸಲ ಒಳ್ಳೆಯ ಮಲ್ಟಿಕೋಟೆಡ್ ಪೋಲರೈಸರ್ ಒಂದನ್ನೇ ಕೊಳ್ಳಿ. ದುಡ್ಡು ಉಳಿದರೆ ಟ್ರೈಪಾಡಿಗೆ ಹಾಕಿ. ಎನ್‌ಡಿ 64 ಮುಂದಿನ ಮಳೆಗಾಲಕ್ಕೆ ನೋಡಿಕೊಳ್ಳೋಣ. ಜೇಬಿನಲ್ಲಿ ಎರಡು ಮೂರು ಮೈಕ್ರೋಫೈಬರ್ ಬಟ್ಟೆ ಇರಲಿ. ಎಫ್ 11ರಲ್ಲಿ, 18ರಲ್ಲಿ, ಗಾಜಿನ ಮೇಲಿನ ಒಂದೊಂದು ಹನಿಯೂ ಚಿತ್ರದಲ್ಲಿ ಮಸುಕು ಮಚ್ಚೆಯಾಗಿ ಕಾಣುತ್ತದೆ.

ಊರಿಗೆ ವಾಪಸಾದ ದಿನವೇ ಫಿಲ್ಟರ್ ಬಿಚ್ಚಿಡಿ. ಲೆನ್ಸಿಗೂ ಫಿಲ್ಟರಿಗೂ ನಡುವೆ ತೇವ ಸಿಕ್ಕಿಕೊಂಡರೆ ಫಂಗಸ್ ಹಿಡಿಯಲು ಮಳೆಗಾಲದಲ್ಲಿ ಹೆಚ್ಚು ದಿನ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಫಿಲ್ಟರ್ ಕಚ್ಚಿಕೊಂಡು ಬಿಚ್ಚಲು ಬರದಿದ್ದರೆ ಬಲ ಹಾಕಿ ಹಿಂಡಬೇಡಿ. ಹಿಂಡಿದಷ್ಟೂ ಬಳೆ ಮೊಟ್ಟೆಯಾಕಾರಕ್ಕೆ ಬಾಗಿ ಇನ್ನೂ ಬಿಗಿಯುತ್ತದೆ. ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ಬಳೆಗೆ ಸುತ್ತಿ, ಬೆರಳುಗಳನ್ನು ಸುತ್ತಲೂ ಹರಡಿ ಮೆಲ್ಲಗೆ ತಿರುಗಿಸಿ. ಪೋಲರೈಸರ್ ಆದರೆ ಲೆನ್ಸಿಗೆ ಅಂಟಿರುವ ಹಿಂದಿನ ತೆಳು ಬಳೆಯನ್ನೇ ಹಿಡಿಯಬೇಕು, ಮುಂದಿನದನ್ನು ಹಿಡಿದರೆ ಅದು ಸುಮ್ನೆ ತಿರುಗುತ್ತಲೇ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಫಿಲ್ಟರ್ ವ್ರೆಂಚ್ ಅಂತ ಪ್ಲಾಸ್ಟಿಕ್ಕಿನ ಇಕ್ಕಳ ಸಿಗುತ್ತದೆ, ಕ್ಯಾಮೆರಾ ಅಂಗಡಿಯಲ್ಲಿ ಕೇಳಿ.